ಮಂಗನ ಕಾಯಿಲೆಯೂ ಶಾಲೆಯ ಜಗಲಿಯೂ



ಮಲೆನಾಡಿನವರಿಗೆ ‘ಮಂಗನ ಕಾಯಿಲೆ’ ಹೊಸ ಮಾತಲ್ಲ. ಆದರೆ ಆ ಹೆಸರೇ ನಮ್ಮನ್ನು ದಾರಿ ತಪ್ಪಿಸಿತೆಂದು ನನ್ನ ಅನಿಸಿಕೆ. ಈ ರೋಗಕ್ಕೆ ಮಂಗವೂ ನಮ್ಮಂತೆಯೇ ಬಲಿಪಶು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಒಂದರ ಹಿಂದೊಂದು ಸತ್ತುಬಿದ್ದವು. ಸುತ್ತಲಿನ ಹಳ್ಳಿಗರೂ ಜ್ವರದಿಂದ ಮಲಗಿದರು. ಪುಣೆಯಲ್ಲಿ 1952ರಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಭಾರತವು ಎಂದೂ ಕಾಣದ ಹಳದಿ ಜ್ವರ ಬಂದಿತೇ ಎಂಬುದು ಅವರ ಮೊದಲ ಭಯ. ದೊರೆತ ವೈರಾಣು ಬೇರೆಯೇ ಆಗಿತ್ತು. ರಷ್ಯಾದ ಕಾಡುಗಳ ಒಂದು ಮಿದುಳು ಜ್ವರದ ವೈರಾಣುವಿಗೆ ಹತ್ತಿರದ ಸಂಬಂಧಿ. ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದಿರಬಹುದೇ ಎಂಬ ಶಂಕೆಯಿಂದ ಸಲೀಂ ಅಲಿಯವರ ತಂಡವು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ಮಾಡಿದ್ದೂ ಉಂಟು.

ರೋಗವನ್ನು ದಾಟಿಸುವುದು ಉಣುಗು. ಅದರ ಮರಿ ಎಳ್ಳಿಗಿಂತಲೂ ಸಣ್ಣದು, ಕಚ್ಚಿದ್ದೇ ತಿಳಿಯದು. ಮಂಗ ಸತ್ತಾಗ ಅದರ ಮೈಯಿಂದಿಳಿದ ಉಣುಗುಗಳು ತರಗೆಲೆಗಳ ನಡುವೆ ಉಳಿದು, ಸೌದೆಗೋ ದರಕು ಗುಡಿಸಲೋ ಹೋದವರನ್ನು ಹತ್ತುತ್ತವೆ. ಮೂರರಿಂದ ಎಂಟು ದಿನಗಳಲ್ಲಿ ಥಟ್ಟನೆ ಚಳಿಜ್ವರ, ಹಣೆ ಸಿಡಿಯುವಂಥ ನೋವು, ಮೈಕೈ ನೋವು, ವಾಂತಿ; ಕಣ್ಣು ಕೆಂಪಾಗುತ್ತದೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಒಸರುತ್ತದೆ. ಬಿಟ್ಟ ಜ್ವರ ಒಂದೆರಡು ವಾರದಲ್ಲಿ ಮರಳಿ ನಡುಕ, ಮಂಪರು ತರುವುದೂ ಉಂಟು. ಕಾಯಿಲೆ ಬಿದ್ದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಬದುಕುವುದಿಲ್ಲ. ಆದರೆ ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ.

ಈ ಕೊನೆಯ ಸಂಗತಿ ನನಗೆ ಆಗ ತಿಳಿದಿರಲಿಲ್ಲ. 1970ರ ದಶಕದಲ್ಲಿ ಸಾಗರ ಸೀಮೆಯ ಒಂದು ಹಳ್ಳಿಯಲ್ಲಿ ನಾನು ಉಪಾಧ್ಯಾಯನಾಗಿದ್ದೆ. ನಾಲ್ಕನೆಯ ತರಗತಿಯ ಹುಡುಗನೊಬ್ಬನ ತಂದೆ ಇದೇ ಜ್ವರದಿಂದ ತೀರಿಕೊಂಡರು. ಸೂತಕ ಕಳೆದು ಬಂದ ಅವನನ್ನು, ಉಳಿದ ಮಕ್ಕಳ ತಂದೆತಾಯಿಗಳ ಒತ್ತಾಯಕ್ಕೆ ಮಣಿದು, ಹೊರಗಿನ ಜಗಲಿಯಲ್ಲಿ ಕೂರಿಸಿದೆ. ಅವನು ಎದುರಾಡಲಿಲ್ಲ. ಹದಿಮೂರರ ಮಗ್ಗಿಯನ್ನು ಕಿಟಕಿಯಾಚೆಯಿಂದಲೇ ತಪ್ಪಿಲ್ಲದೆ ಒಪ್ಪಿಸಿದ. ಒಂದು ವಾರದ ಮೇಲೆ ಬರುವುದನ್ನೇ ನಿಲ್ಲಿಸಿದ. ಮುಂದೆ ಊರಿಗೆ ಬಂದ ಆರೋಗ್ಯ ಸಿಬ್ಬಂದಿಯಿಂದ ನಿಜ ತಿಳಿದು ಅವನ ಮನೆಗೆ ಹೋದಾಗ ಬಾಗಿಲಿಗೆ ಬೀಗವಿತ್ತು. ತಾಯಿ ಮಕ್ಕಳು ಘಟ್ಟದ ಕೆಳಗೆ ಹೋದರೆಂದು ನೆರೆಯವರು ಹೇಳಿದರು.

ಆ ವರ್ಷ ಅವನೊಡನೆ ಓದಿದವರು ಕೆಲವರಾದರೂ ಇದನ್ನು ಓದುತ್ತಿರಬಹುದು. ಅವನ ಸುದ್ದಿ ತಿಳಿದಿದ್ದರೆ ದಯವಿಟ್ಟು ನನಗೆ ಬರೆಯಿರಿ.