ಹಾಡುವ ಹಾಗೆ ಮಾಡಿ ಕೊಡು

ಯುಗಾದಿಗೆ ಮುಂಚೆ ಅಟ್ಟ ಗುಡಿಸುವುದು ನಮ್ಮ ಮನೆಯ ಹಳೆಯ ಪದ್ಧತಿ. ಈ ಸಲ ಮೊಣಕಾಲು ನೋವಿನ ನೆಪ ಹೇಳಿ ನಾನು ಕೆಳಗೇ ಕುಳಿತೆ. ಮಗಳು ಮೇಲೆ ಹತ್ತಿ ಒಂದೊಂದೇ ಗಂಟು ಇಳಿಸಿದಳು. ಅಮ್ಮನ ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಹರಿದ ಸೆರಗಿನ ಕೆಳಗೆ, ಅಂಗೈಯಗಲದ ಒಂದು ಪುಸ್ತಕ ಸಿಕ್ಕಿತು.

“ಅಮ್ಮ, ಇದೇನು, ಬ್ಯಾಂಕಿನ ಪಾಸ್‌ಬುಕ್ಕಾ?”

ನೋಡಿದರೆ ಪುಟ ಪುಟಕ್ಕೂ ಅಂಚೆ ಕಚೇರಿಯ ಮೊಹರು. ಅದು ನಮ್ಮ ಮನೆಯ ರೇಡಿಯೋ ಲೈಸೆನ್ಸ್ ಪುಸ್ತಕ. “ರೇಡಿಯೋ ಕೇಳೋದಕ್ಕೂ ಲೈಸೆನ್ಸೇ? ಅದೇನು ಕಾರೇನಮ್ಮ ಓಡಿಸೋದಕ್ಕೆ?” ಎಂದು ಮಗಳು ನಕ್ಕಳು. ನಾನೂ ನಕ್ಕೆ. ಆದರೆ ಪುಸ್ತಕವನ್ನು ಕೈಯಿಂದ ಬಿಡಲು ಮನಸ್ಸಾಗಲಿಲ್ಲ.

ನನ್ನ ವಯಸ್ಸಿನವರಿಗೆ ನೆನಪಿರಬಹುದು. ರೇಡಿಯೋ ಇದ್ದವರೆಲ್ಲ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ 15 ರೂಪಾಯಿ ಕಟ್ಟಿ ಬರಬೇಕಿತ್ತು. 1980ರ ದಶಕದ ನಡುವೆ ಸರ್ಕಾರ ಆ ಪದ್ಧತಿಯನ್ನು ಕೈಬಿಟ್ಟಿತು. ದುಡ್ಡು ಕೊಟ್ಟು ಕೇಳಿದ್ದರಿಂದಲೋ ಏನೋ, ಆಗಿನ ಜನ ರೇಡಿಯೋವನ್ನು ದೇವರ ಪಟದಷ್ಟೇ ಜೋಪಾನ ಮಾಡುತ್ತಿದ್ದರು.

ನಮ್ಮ ನಾಡಿಗೂ ರೇಡಿಯೋಗೂ ಇರುವ ನಂಟು ಮನೆಯೊಂದರಲ್ಲೇ ಹುಟ್ಟಿದ್ದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣದೊಂದು ಯಂತ್ರವಿಟ್ಟು ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಕೇಳಿಸಿದ್ದು ಅಲ್ಲಿ; ಆಮೇಲೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. 1955ರಲ್ಲಿ ಆ ನಿಲಯ ಬೆಂಗಳೂರಿಗೆ ಹೋಯಿತು. ಹಾಸನದ ನಮ್ಮ ಮನೆಗೆ ರೇಡಿಯೋ ಬಂದಿದ್ದು 1962ರಲ್ಲಿ. ಅಪ್ಪ ಮೇಷ್ಟ್ರು. ಎರಡು ವರ್ಷ ಚೀಟಿ ಕಟ್ಟಿ ತಂದಿದ್ದು.

ಅದು ವಾಲ್ವ್ ರೇಡಿಯೋ. ಗುಂಡಿ ತಿರುಗಿಸಿದ ಕೂಡಲೇ ಮಾತಾಡುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವುಗಳು ಕಾದು ಕೆಂಪಾಗಬೇಕು, ಮುಂದಿನ ಹಸಿರು ಕಣ್ಣು ನಿಧಾನಕ್ಕೆ ಬಿಚ್ಚಿಕೊಳ್ಳಬೇಕು, ಆಮೇಲೆ ದನಿ. ನಡುಮನೆಯಲ್ಲಿ ಎತ್ತರದ ಹಲಗೆಯ ಮೇಲೆ ಅದರ ಪೀಠ. ಮೇಲೆ ಅಮ್ಮ ಕಸೂತಿ ಹಾಕಿದ ಹೊದಿಕೆ. ಹೊದಿಕೆ ಅಮ್ಮನದು, ಗುಂಡಿ ಮಾತ್ರ ಅಪ್ಪನದು. ಅಮ್ಮ ಹತ್ತು ವರ್ಷ ಆ ರೇಡಿಯೋದ ಧೂಳು ಒರೆಸಿದಳು. ಒಂದು ದಿನವೂ ತಾನಾಗಿ ನಿಲಯ ಬದಲಿಸಿದವಳಲ್ಲ.

ಆ ರೇಡಿಯೋದ ಬೆನ್ನಿಗೆ ಎರಡು ಸಣ್ಣ ತೂತುಗಳಿದ್ದವು. ಅದರ ಗುಟ್ಟು ತಿಳಿದಿದ್ದು ನಮ್ಮ ಸೋದರಮಾವನಿಗೆ. ಸ್ಪೀಕರ್ ಸಹಿತವಾದ ರೆಕಾರ್ಡ್ ಪ್ಲೇಯರ್ ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಬರೀ ತಟ್ಟೆ ತಿರುಗಿಸುವ ಅಗ್ಗದ ಪೆಟ್ಟಿಗೆ ತಂದು, ಅದರ ತಂತಿಯನ್ನು ಆ ತೂತುಗಳಿಗೆ ಸಿಕ್ಕಿಸಿದ. ರೇಡಿಯೋ ತಾನೇ ಸ್ಪೀಕರಾಗಿ ರೆಕಾರ್ಡನ್ನು ಹಾಡಿತು! ಮಾಡಿದವರು ಮುಂದಾಲೋಚಿಸಿ ಜಾಗ ಬಿಟ್ಟಿದ್ದರು. ಒಳಗಿನ ವಾಲ್ವುಗಳನ್ನೂ ಬಲ್ಬಿನ ಹಾಗೆ ಕಿತ್ತು ಬೇರೆಯದನ್ನು ಕೂರಿಸಬಹುದಿತ್ತು. ಒಂದು ಕೆಟ್ಟರೆ ಇಡೀ ಪೆಟ್ಟಿಗೆ ಸಾಯುತ್ತಿರಲಿಲ್ಲ.

ಆ ಹೊತ್ತಿಗೆ ಕಾಲ ಬದಲಾಗುತ್ತಿತ್ತು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ನಮ್ಮ ಊರುಗಳಿಗೂ ಕಾಲಿಟ್ಟಿತ್ತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1960ರ ದಶಕದ ಮೊದಲಲ್ಲಿ ವಾಲ್ವುಗಳನ್ನೂ, ಅದರ ಬೆನ್ನಿಗೇ ಟ್ರಾನ್ಸಿಸ್ಟರಿಗೆ ಬೇಕಾದ ಭಾಗಗಳನ್ನೂ ಮಾಡತೊಡಗಿತು. 1972ರಲ್ಲಿ ಅಪ್ಪ ಕೈಯಲ್ಲಿ ಹಿಡಿದು ಓಡಾಡುವ ಪುಟ್ಟ ಟ್ರಾನ್ಸಿಸ್ಟರ್ ತಂದರು. ಕ್ರಿಕೆಟ್ ಕಾಮೆಂಟರಿ ಜಗಲಿಗೆ ಹೋಯಿತು. ನಡುಮನೆಯ ಹಳೆಯ ರೇಡಿಯೋ? ಅದು ಅಡಿಗೆಮನೆಗೆ ಬಂತು.

ನೀವು ಯಾವ ಮನೆಯನ್ನಾದರೂ ನೋಡಿ, ಹಳೆಯದೆಲ್ಲ ಕೊನೆಗೆ ಬರುವುದು ಅಡಿಗೆಮನೆಗೇ. ಹಳೆಯ ಫ್ಯಾನು, ಹಳೆಯ ಕುರ್ಚಿ, ಈಗ ಮಗನ ಹಳೆಯ ಮೊಬೈಲು. ಹೊಸದು ಗಂಡಸರಿಗೆ, ಮಕ್ಕಳಿಗೆ, ಉಳಿತಾಯ ಹೆಂಗಸರಿಗೆ. ಇದನ್ನು ಯೋಚಿಸಿದರೆ ಈಗಲೂ ಒಂದಿಷ್ಟು ಸಿಟ್ಟು ಬರುತ್ತದೆ. ಆದರೆ ಅಮ್ಮನ ಮಟ್ಟಿಗೆ ಇನ್ನೊಂದು ಮಾತೂ ನಿಜ. ಯಾರಿಗೂ ಬೇಡವಾದ ಮೇಲೆಯೇ ಆ ರೇಡಿಯೋದ ಗುಂಡಿ ಅವಳ ಕೈಗೆ ಸಿಕ್ಕಿದ್ದು. ಒಗ್ಗರಣೆಯ ನಡುವೆ ನಾಟಕ, ಹಿಟ್ಟು ನಾದುತ್ತ ಸಂಗೀತ, ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮ. ನಾಲ್ಕನೇ ತರಗತಿ ಓದಿದ್ದ ಅಮ್ಮ ಆ ಏಳು ವರ್ಷಗಳಲ್ಲಿ ನಮ್ಮ ಜೊತೆ ಬಾಂಗ್ಲಾದೇಶದ ಬಗ್ಗೆಯೂ ಮಾತಾಡಬಲ್ಲವಳಾದಳು.

1979ರಲ್ಲಿ ಮನೆಗೆ ರೇಡಿಯೋ, ಟೇಪು ಎರಡೂ ಇರುವ ಟೂ-ಇನ್-ಒನ್ ಬಂತು. ವಾಲ್ವ್ ರೇಡಿಯೋ ಅಷ್ಟರಲ್ಲಿ ಮೂಕವಾಗಿತ್ತು. ಪಕ್ಕದ ವಠಾರದಲ್ಲಿ ಬಟ್ಟೆ ಹೊಲಿಯುತ್ತಿದ್ದ ಸಾಕಮ್ಮನಿಗೆ ಕೊಡೋಣ ಎಂದಳು ಅಮ್ಮ. “ಹಾಗೇ ಕೊಟ್ಟುಬಿಡು. ರಿಪೇರಿ ಅವರೇ ಮಾಡಿಸ್ಕೋತಾರೆ” ಎಂದರು ಅಪ್ಪ.

“ಮಾಡಿಸ್ಕೊಳ್ಳೋಕೆ ದುಡ್ಡಿದ್ದಿದ್ರೆ ಅವಳು ನಮ್ಮ ಹಳೇದು ಯಾಕೆ ತಗೋತಿದ್ದಳು? ಕೊಡೋದಾದರೆ ಹಾಡೋ ಹಾಗೆ ಮಾಡಿ ಕೊಡಬೇಕು. ಇಲ್ಲದಿದ್ರೆ ಅದು ಕೊಟ್ಟಿದ್ದಲ್ಲ, ನಮ್ಮ ಮನೆ ಕಸ ಅವಳ ಮನೆಗೆ ಹಾಕಿದ್ದು.”

ಸಾಸಿವೆ ಡಬ್ಬಿಯ ದುಡ್ಡಿನಲ್ಲಿ ಹೊಸ ವಾಲ್ವ್ ಬಂತು. ಸಾಕಮ್ಮನ ಹೆಸರಿಗೆ ಲೈಸೆನ್ಸಿನ 15 ರೂಪಾಯಿಯನ್ನೂ ಅಮ್ಮನೇ ಕಟ್ಟಿದಳು. ಆಮೇಲೆ ಎಷ್ಟೋ ವರ್ಷ ಆ ವಠಾರದ ಹೊಲಿಗೆ ಯಂತ್ರದ ಸದ್ದಿನ ಜೊತೆ ನಮ್ಮ ರೇಡಿಯೋದ ದನಿ ಕೇಳಿಸುತ್ತಿತ್ತು.

ಈ ಮಾತನ್ನು ನಾನು ಮರೆಯಬಾರದಿತ್ತು. ಮರೆತೆ.

2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದವು. ಪಾಠವೆಲ್ಲ ಮೊಬೈಲಿಗೆ ಬಂತು. ನಮ್ಮ ಮನೆ ಕೆಲಸಕ್ಕೆ ಬರುವ ಲಕ್ಷ್ಮಿಯ ಮಗಳು ಆಗ ಒಂಬತ್ತನೆಯ ತರಗತಿ. ನನ್ನ ಕಪಾಟಿನಲ್ಲಿ ಹಳೆಯ ಮೊಬೈಲೊಂದು ಸುಮ್ಮನೆ ಬಿದ್ದಿತ್ತು. ತೆಗೆದು ಕೊಟ್ಟೆ. ನಾಲ್ಕು ಜನರ ಹತ್ತಿರ ಹೇಳಿಕೊಂಡೆ ಕೂಡ. ಎರಡು ತಿಂಗಳಾದ ಮೇಲೆ ಲಕ್ಷ್ಮಿ ಸಂಕೋಚದಿಂದ ಹೇಳಿದಳು: “ಅಮ್ಮೋರೆ, ಫೋನು ಅರ್ಧ ಗಂಟೇಲಿ ಆಫ್ ಆಗೋಗುತ್ತೆ. ವೈರು ಗೋಡೆಗೆ ಸಿಗಿಸ್ಕೊಂಡು ನಿಂತ್ಕೊಂಡೇ ಪಾಠ ಕೇಳ್ತಾಳೆ. ಕರೆಂಟ್ ಹೋದ್ರೆ ಅವತ್ತಿನ ಪಾಠ ಹೋದಂಗೇ.”

ಎರಡು ತಿಂಗಳು! ಆ ಹುಡುಗಿ ಗೋಡೆಗೆ ಒರಗಿ ನಿಂತಿದ್ದು ಕಣ್ಣಿಗೆ ಕಟ್ಟಿತು. ಅಮ್ಮ ಹೇಳಿದ ಹಾಗೆ ನಾನು ಕೊಟ್ಟಿರಲಿಲ್ಲ, ಕಸ ಹಾಕಿದ್ದೆ. ಆಗ ಅಂಗಡಿಗಳು ತೆರೆದಿದ್ದವು. ಮಾರನೆಯ ದಿನವೇ ಬ್ಯಾಟರಿ ಬದಲಾಯಿಸಿದೆ. ಒಂದು ರವಿಕೆ ಹೊಲಿಸುವುದಕ್ಕಿಂತ ತುಸು ಹೆಚ್ಚಿನ ಖರ್ಚು, ಅಷ್ಟೆ. ಫೋನು ಹೊಸದರಂತೆ ಓಡಿತು.

ಮೊಬೈಲಿನಲ್ಲಿ ಮೊದಲು ಸವೆಯುವುದು ಬ್ಯಾಟರಿಯೇ. ಅದು ಸವೆದರೆ ಫೋನೇ ಮುದಿಯಾಯಿತು ಎಂದು ನಾವು ತಿಳಿಯುತ್ತೇವೆ. 2017ರಲ್ಲಿ ಆಪಲ್ ಕಂಪನಿ, ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದುದನ್ನು ಒಪ್ಪಿಕೊಂಡಿತು. ಫೋನು ಇದ್ದಕ್ಕಿದ್ದಂತೆ ಆರಿಹೋಗದಿರಲೆಂದು ಹಾಗೆ ಮಾಡಿದ್ದು ಎಂದಿತು. ಜನ ಸಿಟ್ಟಾದ ಮೇಲೆ ಬ್ಯಾಟರಿ ಬದಲಿಸುವ ಬೆಲೆ ಇಳಿಸಿತು. ಅದಕ್ಕೂ ಹಿಂದಿನ ಕಥೆಯಿದೆ. 1924ರಲ್ಲಿ ಜಿನೀವಾದಲ್ಲಿ ದೊಡ್ಡ ದೊಡ್ಡ ಬಲ್ಬ್ ಕಂಪನಿಗಳು ಒಂದು ಕೂಟ ಕಟ್ಟಿದವು. ಬಲ್ಬು 1000 ಗಂಟೆಗಿಂತ ಹೆಚ್ಚು ಉರಿಯಬಾರದೆಂದು ಗೊತ್ತುಮಾಡಿಕೊಂಡವು. ಹೆಚ್ಚು ಬಾಳುವ ಬಲ್ಬು ಮಾಡಿದ ಕಂಪನಿಗೆ ದಂಡ! ಒಂದು ವಸ್ತು ಯಾವಾಗ ಹಳೆಯದಾಯಿತು ಎಂದು ತೀರ್ಮಾನಿಸುವವರು ಯಾವಾಗಲೂ ನಾವೇ ಅಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಈಗ ಮಗನ ಲ್ಯಾಪ್‌ಟಾಪಿನ ಸರದಿ. ವಿಂಡೋಸ್ 10ಕ್ಕೆ ಮಾಮೂಲಿನ ಉಚಿತ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರ, ವಿಂಡೋಸ್ 11ನ್ನು ಒಪ್ಪುವುದಿಲ್ಲ. “ಗುಜರಿಗೆ ಹಾಕಮ್ಮ” ಎಂದ. ನಾನು ಅಂಗಡಿಗೆ ಕೊಂಡುಹೋದೆ. ಅಲ್ಲಿನ ಹುಡುಗ ಹೇಳಿದ: ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕೋಣ, ಲಿನಕ್ಸ್ ತುಂಬೋಣ. ಲಿನಕ್ಸ್ ಎನ್ನುವುದು 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರುಮಾಡಿ ಎಲ್ಲರ ಕೈಗಿಟ್ಟಿದ್ದು, ಅದಕ್ಕೆ ದುಡ್ಡಿಲ್ಲ. ಕನ್ನಡ ಟೈಪು ಮಾಡಬಹುದು, ಪಾಠ ನೋಡಬಹುದು. ಆಫೀಸಿನ ಕೆಲವು ಸಾಫ್ಟ್‌ವೇರ್ ಮಾತ್ರ ಅದರಲ್ಲಿ ಓಡುವುದಿಲ್ಲ. ಕೊಡುವಾಗ ಅದನ್ನೂ ಹೇಳಬೇಕು. ನಮ್ಮ ಫೋಟೋ, ಬ್ಯಾಂಕಿನ ವಿವರ ಎಲ್ಲ ಅಳಿಸಿರಬೇಕು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಉಳಿತಾಯದ ಮಾತು ಬೇಡ. ಅದು ಬೆಂಕಿಗೆ ದಾರಿ. ಅಂಥದ್ದನ್ನು ಕಸದ ಬುಟ್ಟಿಗೂ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಬೇಕು.

ಲಕ್ಷ್ಮಿಯ ಮಗಳು ಈಗ ಬಿ.ಕಾಂ. ಓದುತ್ತಿದ್ದಾಳೆ. ಲ್ಯಾಪ್‌ಟಾಪು ಅವಳಿಗೆ. ಕೊಡುವ ಮುಂಚೆ ವೈರು ಕಿತ್ತು, ಅಡಿಗೆಮನೆಯ ಕಟ್ಟೆಯ ಮೇಲಿಟ್ಟು, ಎಷ್ಟು ಹೊತ್ತು ಓಡುತ್ತದೆಂದು ಗಡಿಯಾರ ಹಿಡಿದು ನೋಡಿದೆ. ಅನ್ನ ಬೆಂದು, ಸಾರು ಕುದಿದು, ಪಾತ್ರೆ ತೊಳೆದಿಟ್ಟರೂ ಅದು ಆರಲಿಲ್ಲ.

ರಿಪೇರಿಯ ರಸೀದಿಯನ್ನು ಆ ರೇಡಿಯೋ ಲೈಸೆನ್ಸ್ ಪುಸ್ತಕದೊಳಗೆ ಇಟ್ಟಿದ್ದೇನೆ. ಪುಸ್ತಕ ಮತ್ತೆ ಅಟ್ಟ ಹತ್ತಿಲ್ಲ.