ಕಪ್ಪು ಕನ್ನಡಕದ ಸಾರಥಿ

ನಮ್ಮ ಆಫೀಸಿನ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ನಿರೂಪಣೆ ಮಾಡೋದು ನಾನೇ. ಹಾಡೋರಿಗೆ ಚಪ್ಪಾಳೆ, ಕುಣಿಯೋರಿಗೆ ಶಿಳ್ಳೆ, ನನಗೆ ಮಾತ್ರ ‘ಗುರು, ಬೇಗ ಮುಗ್ಸು, ಊಟ ತಣ್ಣಗಾಗ್ತಿದೆ’ ಅನ್ನೋ ಕೈಸನ್ನೆ. ಹೋದ ವರ್ಷ ಕಾರ್ಯಕ್ರಮದ ಫೋಟೋಗಳನ್ನು ಗ್ರೂಪಿಗೆ ಹಾಕಿದಾಗ ಆಸೆಯಿಂದ ಒಂದೊಂದಾಗಿ ನೋಡುತ್ತಾ ಹೋದೆ. ನೂರಕ್ಕೂ ಹೆಚ್ಚು ಫೋಟೋ. ನಾನಿದ್ದದ್ದು ಒಂದರಲ್ಲಿ. ಅದರಲ್ಲೂ ಒಂದು ತೋಳು, ಒಂದು ಮೈಕ್, ಅಷ್ಟೇ.

ಆ ರಾತ್ರಿ ಮುನಿಸಿಕೊಂಡು ಯೂಟ್ಯೂಬಿನಲ್ಲಿ ಏನೇನೋ ನೋಡುತ್ತಾ ಕೂತಿದ್ದವನಿಗೆ ಹಳೆಯದೊಂದು ಟೀವಿ ಶೋ ಸಿಕ್ಕಿತು. ಹೆಸರು ‘ಯೋ! ಎಂಟಿವಿ ರ‍್ಯಾಪ್ಸ್’. ಕಪ್ಪು ಕನ್ನಡಕ, ತಲೆಗೊಂದು ಹ್ಯಾಟು, ಕೈಯಲ್ಲಿ ಮೈಕು. ಎತ್ತರದ ಒಬ್ಬ ಮನುಷ್ಯ ಬೀದಿಯಲ್ಲಿ ನಿಂತು ಪಕ್ಕದ ಹುಡುಗನನ್ನು ಮಾತಾಡಿಸುತ್ತಿದ್ದಾನೆ. ಹುಡುಗ ತನ್ನ ಊರು, ಕೇರಿ, ಗೆಳೆಯರ ಬಗ್ಗೆ ಹೇಳುತ್ತಿದ್ದಾನೆ. ಈತ ಸುಮ್ಮನೆ ಕೇಳುತ್ತಿದ್ದಾನೆ. ನನಗೆ ಆ ಹುಡುಗನಿಗಿಂತ ಈ ಕೇಳುವವನ ಮೇಲೇ ಕಣ್ಣು ನಿಂತಿತು. ನಮ್ಮ ಜಾತಿಯವನು, ಅಂದರೆ ನಿರೂಪಕ ಜಾತಿಯವನು!

ಆತನ ಹೆಸರು ಫ್ರೆಡ್ ಬ್ರಾಥ್‌ವೇಟ್. ಜಗತ್ತಿಗೆ ಗೊತ್ತಿರೋದು ಫ್ಯಾಬ್ ಫೈವ್ ಫ್ರೆಡ್ಡಿ ಅಂತ. 1959ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವನು. ಅಪ್ಪನಿಗೆ ಜಾಝ್ ಹುಚ್ಚು. ದೊಡ್ಡ ಜಾಝ್ ಡ್ರಮ್ಮರ್ ಮ್ಯಾಕ್ಸ್ ರೋಚ್ ಈ ಹುಡುಗನ ಗಾಡ್‌ಫಾದರ್. ಮನೆ ತುಂಬಾ ಸಂಗೀತ, ರಾಜಕೀಯ, ಕರಿಯರ ಹಕ್ಕುಗಳ ಮಾತು. ಅಂಥ ಮನೆಯಲ್ಲಿ ಬೆಳೆದ ಹುಡುಗ ಮೊದಲು ಕೈಗೆತ್ತಿಕೊಂಡದ್ದು ಸ್ಪ್ರೇ ಪೇಂಟಿನ ಡಬ್ಬಿ. ಸಬ್‌ವೇ ರೈಲುಗಳ ಮೇಲೆ ಚಿತ್ರ ಬರೆಯುತ್ತಿದ್ದ ‘ಫ್ಯಾಬ್ಯುಲಸ್ ಫೈವ್’ ಅನ್ನೋ ತಂಡದಿಂದಲೇ ಅವನಿಗೆ ಆ ಹೆಸರು ಅಂಟಿಕೊಂಡಿತು. 1980ರಲ್ಲಿ ಅವನು ರೈಲು ಬೋಗಿಯೊಂದರ ಉದ್ದಕ್ಕೂ ಸೂಪ್ ಡಬ್ಬಿಗಳನ್ನು ಬರೆದ. ಆ್ಯಂಡಿ ವಾರ್ಹಾಲ್ ಕ್ಯಾಂಪ್‌ಬೆಲ್ ಸೂಪ್ ಡಬ್ಬಿಯ ಚಿತ್ರ ಬರೆದು ಗ್ಯಾಲರಿಗಳಲ್ಲಿ ಹೆಸರು ಮಾಡಿದ್ದ. ಇವನು ಅದೇ ಡಬ್ಬಿಗಳನ್ನು ರೈಲಿಗೆ ಹತ್ತಿಸಿ ಊರೆಲ್ಲ ಸುತ್ತಿಸಿದ. ‘ನಮಗೂ ನಿಮ್ಮ ಕಲೆ ಗೊತ್ತು ಸ್ವಾಮಿ, ನಮ್ಮದನ್ನೂ ಸ್ವಲ್ಪ ನೋಡಿ’ ಅಂತ ಹೇಳಿದ ಹಾಗಿತ್ತು ಅದು.

ಆಗಿನ ನ್ಯೂಯಾರ್ಕನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಉತ್ತರಕ್ಕೆ ಬ್ರಾಂಕ್ಸ್. ಸುಟ್ಟ ಕಟ್ಟಡಗಳು, ಕೆಲಸವಿಲ್ಲದ ಹುಡುಗರು. ಅಲ್ಲೇ 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ತಂಗಿಯ ಜೊತೆ ಸೇರಿ ಒಂದು ಪಾರ್ಟಿ ಮಾಡಿದ. ಹಿಪ್ ಹಾಪ್ ಹುಟ್ಟಿದ್ದು ಅಲ್ಲಿ ಅಂತ ಈಗ ಎಲ್ಲರೂ ಒಪ್ಪುತ್ತಾರೆ. ದಕ್ಷಿಣಕ್ಕೆ ಮ್ಯಾನ್‌ಹಾಟನ್‌ನ ಡೌನ್‌ಟೌನ್. ಅಲ್ಲಿ ಬಿಳಿ ಕಲಾವಿದರು, ಪಂಕ್ ಬ್ಯಾಂಡುಗಳು, ಗ್ಯಾಲರಿಗಳು. ಎರಡರ ನಡುವೆ ಒಂದೇ ರೈಲು ಓಡುತ್ತಿತ್ತು. ಆದರೆ ಇವರು ಅಲ್ಲಿಗೆ ಹೋಗುತ್ತಿರಲಿಲ್ಲ, ಅವರು ಇಲ್ಲಿಗೆ ಬರುತ್ತಿರಲಿಲ್ಲ. ಫ್ರೆಡ್ಡಿ ಮಾತ್ರ ಎರಡೂ ಕಡೆ ಇಳಿಯುತ್ತಿದ್ದ.

ಬ್ಲಾಂಡಿ ಬ್ಯಾಂಡಿನ ಡೆಬಿ ಹ್ಯಾರಿ ಮತ್ತು ಕ್ರಿಸ್ ಸ್ಟೈನ್ ಅವರನ್ನು ಬ್ರಾಂಕ್ಸ್‌ಗೆ ಕರೆದುಕೊಂಡು ಹೋಗಿ ಹಿಪ್ ಹಾಪ್ ತೋರಿಸಿದವನು ಇವನೇ. ಅದರ ಫಲ ‘ರ‍್ಯಾಪ್ಚರ್’ ಹಾಡು. 1981ರಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಹಾಡಿನ ರ‍್ಯಾಪ್ ಭಾಗದಲ್ಲಿ ಡೆಬಿ ಹ್ಯಾರಿ ಇವನ ಹೆಸರು ಹೇಳುತ್ತಾಳೆ. ವಿಡಿಯೋದಲ್ಲೂ ಇವನಿದ್ದಾನೆ, ಹಿಂದೆ ಗೋಡೆಯ ಹತ್ತಿರ. ಅದೇ ವರ್ಷ ಆಗಸ್ಟ್‌ನಲ್ಲಿ ಎಂಟಿವಿ ಶುರುವಾಯಿತು. ಎಂಟಿವಿ ತೋರಿಸಿದ ಮೊದಲ ರ‍್ಯಾಪ್ ವಿಡಿಯೋ ಎಂದರೆ ಈ ‘ರ‍್ಯಾಪ್ಚರ್’. ಮುಂದೆ ಬಿಳಿ ಹುಡುಗಿ ರ‍್ಯಾಪ್ ಮಾಡುತ್ತಾಳೆ, ಆ ಕಲೆಯನ್ನು ಅವಳಿಗೆ ತೋರಿಸಿದವನು ಹಿಂದೆ ಪೇಂಟ್ ಹಿಡಿದು ನಿಂತಿರುತ್ತಾನೆ. ಈ ಚಿತ್ರ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಹಾಗಂತ ಫ್ರೆಡ್ಡಿ ರ‍್ಯಾಪ್ ಮಾಡಲೇ ಇಲ್ವಾ? ಮಾಡಿದ. 1982ರಲ್ಲಿ ‘ಚೇಂಜ್ ದ ಬೀಟ್’ ಅನ್ನೋ ರೆಕಾರ್ಡು ತಂದ. ಅದರಲ್ಲಿ ಇಂಗ್ಲಿಷ್ ಜೊತೆ ಫ್ರೆಂಚ್ ರ‍್ಯಾಪೂ ಇದೆ. ತಮಾಷೆ ಏನಂದರೆ, ಆ ರೆಕಾರ್ಡಿನಲ್ಲಿ ಜಗತ್ಪ್ರಸಿದ್ಧವಾದ ಭಾಗ ಫ್ರೆಡ್ಡಿಯ ಕಂಠದ್ದೇ ಅಲ್ಲ. ಕೊನೆಯಲ್ಲಿ ಬೇರೊಬ್ಬರ ದನಿಯಲ್ಲಿ, ಯಂತ್ರದೊಳಗಿಂದ ಬಂದ ಹಾಗೆ, ಒಂದು ಸಣ್ಣ ಮಾತು ಬರುತ್ತದೆ. ಅದರ ಕೊನೆಯ ಪದ ‘ಫ್ರೆಶ್’. ಹರ್ಬಿ ಹ್ಯಾನ್‌ಕಾಕ್‌ನ 1983ರ ‘ರಾಕಿಟ್’ನಲ್ಲಿ ಡಿಜೆ ಆ ಪದವನ್ನು ಉಜ್ಜಿ ಉಜ್ಜಿ ನುಡಿಸಿದ. ಅಲ್ಲಿಂದಾಚೆಗೆ ಲೆಕ್ಕವಿಲ್ಲದಷ್ಟು ಹಾಡುಗಳು ಆ ತುಣುಕನ್ನು ಬಳಸಿದವು. ಸಂಗೀತದ ಇತಿಹಾಸದಲ್ಲೇ ಅತಿ ಹೆಚ್ಚು ಬಳಕೆಯಾದ ತುಣುಕುಗಳಲ್ಲಿ ಅದೂ ಒಂದು. ತನ್ನ ರೆಕಾರ್ಡಿನಲ್ಲೂ ಬೇರೆಯವರೇ ಹೆಸರಾದರು ನೋಡಿ. ಫೋಟೋದಲ್ಲಿ ಬರೀ ತೋಳು ಬಂದ ನನಗೆ ಇದನ್ನು ಓದಿ ಎಷ್ಟು ಸಮಾಧಾನವಾಯಿತು ಅಂತೀರಿ!

ಇಲ್ಲೊಂದು ಪದದ ವಿಚಾರ ಹೇಳಲೇಬೇಕು. ರ‍್ಯಾಪ್ ಮಾಡೋರನ್ನ ಎಂಸಿ ಅಂತಾರಲ್ಲ, ಅದು ‘ಮಾಸ್ಟರ್ ಆಫ್ ಸೆರೆಮನೀಸ್’ ಅನ್ನೋದರ ಮೊಟಕು ರೂಪ. ಅಪ್ಪಟ ಕನ್ನಡದಲ್ಲಿ ಹೇಳೋದಾದರೆ, ಕಾರ್ಯಕ್ರಮ ನಿರೂಪಕ. ಕೂಲ್ ಹರ್ಕ್‌ನ ಪಾರ್ಟಿಗಳಲ್ಲಿ ಮೈಕ್ ಹಿಡಿದಿದ್ದ ಕೋಕ್ ಲಾ ರಾಕ್ ಮಾಡುತ್ತಿದ್ದದ್ದೂ ಅದನ್ನೇ. ಬಂದ ಗೆಳೆಯರ ಹೆಸರು ಕೂಗೋದು, ಡಿಜೆಯನ್ನು ಹೊಗಳೋದು, ಜನರನ್ನು ಕುಣಿಸೋದು. ಆ ಕೂಗುಗಳೇ ಪ್ರಾಸ ಹಿಡಿದು ಉದ್ದವಾಗುತ್ತಾ ರ‍್ಯಾಪ್ ಆದವು. ಹಾಗಾಗಿ ‘ರ‍್ಯಾಪರ್ ಟೀವಿ ನಿರೂಪಕನಾದ’ ಅಂದರೆ ಕಸುಬು ಬದಲಿಸಿದ ಅಂತ ನಾವು ತಿಳಿಯಬೇಕಿಲ್ಲ. ಅವನು ತವರಿಗೆ ಹೋದ, ಅಷ್ಟೇ.

ಆದರೆ ಆ ತವರಿನ ಬಾಗಿಲು ಸುಲಭಕ್ಕೆ ತೆರೆಯಲಿಲ್ಲ. ಎಂಟಿವಿ ಶುರುವಿನಲ್ಲಿ ಕರಿಯ ಕಲಾವಿದರ ವಿಡಿಯೋಗಳನ್ನು ತೋರಿಸುತ್ತಿದ್ದದ್ದು ಬಲು ಕಡಿಮೆ. ‘ನಮ್ಮದು ರಾಕ್ ಚಾನೆಲ್’ ಅನ್ನೋದು ಅವರ ಸಮಜಾಯಿಷಿ. ರಿಕ್ ಜೇಮ್ಸ್ ಇದರ ವಿರುದ್ಧ ಬಹಿರಂಗವಾಗಿ ಸಿಡಿದೆದ್ದ. 1983ರಲ್ಲಿ ಡೇವಿಡ್ ಬೋವಿ, ಎಂಟಿವಿಯ ಸಂದರ್ಶನದಲ್ಲೇ, ಕರಿಯರು ಯಾಕೆ ಇಷ್ಟು ಕಡಿಮೆ ಅಂತ ನಿರೂಪಕನನ್ನೇ ಕೇಳಿಬಿಟ್ಟ. ಅದೇ ವರ್ಷ ಮೈಕೆಲ್ ಜಾಕ್ಸನ್‌ನ ‘ಬಿಲ್ಲಿ ಜೀನ್’ ಬಂದ ಮೇಲೆ ಗೋಡೆ ಬಿರುಕು ಬಿಟ್ಟಿತು. 1986ರಲ್ಲಿ ರನ್ ಡಿಎಂಸಿ ತಂಡ ಏರೋಸ್ಮಿತ್ ಜೊತೆ ಮಾಡಿದ ‘ವಾಕ್ ದಿಸ್ ವೇ’ ಆ ಬಿರುಕನ್ನು ಇನ್ನಷ್ಟು ಅಗಲ ಮಾಡಿತು. ಅಷ್ಟರಲ್ಲಿ ಬೇರೆ ಕಡೆ ಕೆಲಸ ಶುರುವಾಗಿತ್ತು. ನ್ಯೂಯಾರ್ಕಿನಲ್ಲೇ ರಾಲ್ಫ್ ಮ್ಯಾಕ್‌ಡ್ಯಾನಿಯಲ್ಸ್ 1983ರಿಂದ ‘ವಿಡಿಯೋ ಮ್ಯೂಸಿಕ್ ಬಾಕ್ಸ್’ ನಡೆಸುತ್ತಿದ್ದ. 1984ರಲ್ಲಿ ಫ್ರಾನ್ಸಿನ ಟೀವಿಯಲ್ಲಿ ಸಿಡ್ನಿ ಅನ್ನೋ ಕರಿಯ ನಿರೂಪಕ ಹಿಪ್ ಹಾಪ್‌ಗೇ ಅಂತ ಒಂದು ಶೋ ನಡೆಸಿದ. ಎಂಟಿವಿ ಯುರೋಪ್ ಕೂಡ 1987ರಲ್ಲಿ ‘ಯೋ’ ಹೆಸರಿನ ಶೋ ಮಾಡಿತು. ತವರುಮನೆಯ ಎಂಟಿವಿ ಎದ್ದದ್ದು ಎಲ್ಲರಿಗಿಂತ ತಡವಾಗಿ.

1988ರ ಆಗಸ್ಟ್ 6. ಟೆಡ್ ಡೆಮಿ ಮತ್ತು ಪೀಟರ್ ಡೌಗರ್ಟಿ ಸೇರಿ ರೂಪಿಸಿದ ‘ಯೋ! ಎಂಟಿವಿ ರ‍್ಯಾಪ್ಸ್’ ಶುರುವಾಯಿತು. ನಿರೂಪಕ ಫ್ರೆಡ್ಡಿ. ಏಳು ವರ್ಷ ಹಿಂದೆ ಅದೇ ಚಾನೆಲ್‌ನಲ್ಲಿ ಗೋಡೆಯ ಹತ್ತಿರ ನಿಂತಿದ್ದವನು ಈಗ ಮೈಕ್ ಹಿಡಿದು ಮುಂದೆ ಬಂದ. ಶೋ ಎಷ್ಟು ಗೆದ್ದಿತು ಅಂದರೆ, ಮರುವರ್ಷದಿಂದ ಎಡ್ ಲವರ್ ಮತ್ತು ಡಾಕ್ಟರ್ ಡ್ರೇ ಅವರನ್ನು ಸ್ಟುಡಿಯೋದಲ್ಲಿ ಕೂರಿಸಿ ವಾರದ ದಿನಗಳಲ್ಲೂ ನಡೆಸಿದರು. (ಈ ಡ್ರೇ ಬೇರೆ, ಎನ್‌ಡಬ್ಲ್ಯೂಎ ತಂಡದ ಡ್ರೇ ಬೇರೆ. ನಾನೂ ಮೊದಲು ಎಡವಿದ್ದೆ.) ಫ್ರೆಡ್ಡಿ ಮಾತ್ರ ಸ್ಟುಡಿಯೋದಲ್ಲಿ ಕೂರಲಿಲ್ಲ. ಕ್ಯಾಮೆರಾ ಎತ್ತಿಕೊಂಡು ಆಯಾ ರ‍್ಯಾಪರ್‌ನ ಕೇರಿಗೇ ಹೋದ. ಎನ್‌ಡಬ್ಲ್ಯೂಎ ಹುಡುಗರನ್ನು ಮಾತಾಡಿಸಲು ಅವರ ಕಾಂಪ್ಟನ್‌ಗೇ ಹೋದ. ಪೊಲೀಸ್ ಸುದ್ದಿಯಲ್ಲಿ ಮಾತ್ರ ಟೀವಿಗೆ ಬರುತ್ತಿದ್ದ ಬೀದಿಗಳು ಮೊದಲ ಸಲ ಅಲ್ಲಿಯವರ ಬಾಯಲ್ಲೇ ತಮ್ಮ ಕಥೆ ಹೇಳಿಕೊಂಡವು.

ನಮ್ಮ ಮೂಡಲಪಾಯ ಬಯಲಾಟ ನೋಡಿದವರಿಗೆ ಸಾರಥಿ ಗೊತ್ತಿರುತ್ತಾನೆ. ರಾಜ ರಂಗಕ್ಕೆ ಬಂದ ಕೂಡಲೇ ಸಾರಥಿ ‘ತಾವು ಯಾರು, ಯಾವ ಊರು, ಬಂದ ಕಾರಣವೇನು’ ಅಂತ ಕೇಳುತ್ತಾನೆ. ಕೇಳಿದ ಮೇಲೇ ರಾಜ ತನ್ನ ಬಿರುದು ಬಾವಲಿಗಳನ್ನು ಹೇಳಿಕೊಳ್ಳುವುದು. ಸಾರಥಿ ಕೇಳದಿದ್ದರೆ ರಾಜನೂ ಬಣ್ಣ ಹಚ್ಚಿಕೊಂಡ ಒಬ್ಬ ಆಸಾಮಿ, ಅಷ್ಟೆ. ಫ್ರೆಡ್ಡಿ ಮಾಡಿದ್ದು ಸಾರಥಿಯ ಕೆಲಸ. ‘ನೀನ್ಯಾರು, ಎಲ್ಲಿಯವನು’ ಅಂತ ಕೇಳಿದ, ಉತ್ತರ ಮುಗಿಯುವ ತನಕ ಕಾದ.

ಕ್ಯಾಮೆರಾದ ಹಿಂದೆಯೂ ಅವನದು ಇದೇ ಕೆಲಸ. ಕ್ವೀನ್ ಲತೀಫಾಳ 1989ರ ‘ಲೇಡೀಸ್ ಫಸ್ಟ್’, ನಾಸ್‌ನ 1994ರ ‘ಒನ್ ಲವ್’ ವಿಡಿಯೋಗಳನ್ನು ನಿರ್ದೇಶಿಸಿದವನು ಅವನು. ಹತ್ತು ವರ್ಷಗಳ ಮೇಲೆ, 1999ರಲ್ಲಿ, ಅದೇ ಲತೀಫಾ ತನ್ನದೇ ಹೆಸರಿನ ಟಾಕ್ ಶೋ ನಡೆಸಿದಳು.

ಇದೆಲ್ಲ ಬರೀ ಒಳ್ಳೆಯದೇ ಆಯಿತು ಅಂತ ನಾನು ಹೇಳಲ್ಲ. ಬಾಗಿಲು ತೆರೆದರೆ ಗಾಳಿ ಜೊತೆ ಧೂಳೂ ಬರುತ್ತೆ. ಬೀದಿಯ ಚಿತ್ರ ಗ್ಯಾಲರಿಗೆ ಹೋದಾಗ ಬೆಲೆ ಕಟ್ಟುವವರು ಬಂದರು. ಬೀದಿಯ ಮಾತು ಟೀವಿಗೆ ಹೋದಾಗ ಜಾಹೀರಾತಿನವರು ಬಂದರು. ಬಡತನ, ಬಂದೂಕು, ಬೈಗುಳ ಯಾವುದು ಹೆಚ್ಚು ಮಾರಾಟವಾಗುತ್ತೆ ಅಂತ ಲೆಕ್ಕ ಹಾಕುವವರೂ ಬಂದರು. ಇನ್ನೊಂದು ವಿಪರ್ಯಾಸ ಕೇಳಿ. ಎಂಟಿವಿ ಶುರುವಾದ ಎಷ್ಟೋ ವರ್ಷ, ಬ್ರಾಂಕ್ಸ್ ಮತ್ತು ಬ್ರೂಕ್ಲಿನ್‌ನ ಬಹುತೇಕ ಮನೆಗಳಿಗೆ ಕೇಬಲ್ಲೇ ಬಂದಿರಲಿಲ್ಲ. ಹಾಡು ಹುಟ್ಟಿದ ಮನೆಗಳಿಗಿಂತ ಮೊದಲು ದೂರದ ಊರುಗಳ ಬಿಳಿ ಹುಡುಗರ ಕೋಣೆಗಳಿಗೆ ಅದು ತಲುಪಿತ್ತು.

1995ರ ಆಗಸ್ಟ್‌ನಲ್ಲಿ ಶೋ ನಿಂತಿತು. ಫ್ರೆಡ್ಡಿ ಮಾತಾಡಿಸಿದ ಹುಡುಗರಲ್ಲಿ ಕೆಲವರು ಆಮೇಲೆ ಕೋಟ್ಯಧಿಪತಿಗಳಾದರು, ಕೆಲವರು ಕಂಪನಿಗಳನ್ನೇ ಕಟ್ಟಿದರು. ಫ್ರೆಡ್ಡಿ ಚಿತ್ರ ಬರೆದುಕೊಂಡು, ಸಿನಿಮಾ ಮಾಡಿಕೊಂಡು ಇದ್ದ. 2019ರಲ್ಲಿ ‘ಗ್ರಾಸ್ ಈಸ್ ಗ್ರೀನರ್’ ಅನ್ನೋ ಸಾಕ್ಷ್ಯಚಿತ್ರ ಮಾಡಿದ. ಅಮೆರಿಕದ ಗಾಂಜಾ ಕಾನೂನುಗಳು ಕರಿಯರ ಬದುಕನ್ನು ಏನು ಮಾಡಿದವು ಅನ್ನೋದು ಅದರ ವಸ್ತು. ಅವನು ಕೂಡಿಟ್ಟ ಟೇಪುಗಳು, ಕಾಗದ ಪತ್ರಗಳು ಈಗ ಹಾರ್ಲೆಮ್‌ನ ಶಾಂಬರ್ಗ್ ಸೆಂಟರ್‌ನಲ್ಲಿವೆ. ಕರಿಯರ ಇತಿಹಾಸಕ್ಕೇ ಮೀಸಲಾದ ಗ್ರಂಥಾಲಯ ಅದು. ಹಿಪ್ ಹಾಪ್ ಬಗ್ಗೆ ಬರೆಯಬೇಕು ಅನ್ನೋರು ನಾಳೆ ಈ ನಿರೂಪಕನ ಪೆಟ್ಟಿಗೆಗಳನ್ನೇ ತೆರೆಯಬೇಕಾಗುತ್ತೆ.

ಇಷ್ಟು ಓದಿ ಮುಗಿಸಿದ ಮೇಲೆ ಆಫೀಸಿನ ಫೋಟೋಗಳನ್ನು ಮತ್ತೆ ತೆರೆದೆ. ಈ ಸಲ ನನ್ನನ್ನು ಹುಡುಕಲಿಲ್ಲ. ಒಂದು ಫೋಟೋದಲ್ಲಿ ಹೌಸ್‌ಕೀಪಿಂಗ್‌ನ ಅಕ್ಕ ಒಬ್ಬರು ಕಣ್ಣು ಮುಚ್ಚಿ ಹಾಡುತ್ತಿದ್ದಾರೆ. ಅವರನ್ನು ನಾನು ವೇದಿಕೆಗೆ ಕರೆದದ್ದು ಹೇಗೆ ಗೊತ್ತಾ? ‘ಈಗ ಒಂದು ಜಾನಪದ ಗೀತೆ.’ ಹೆಸರಿಲ್ಲ, ಊರಿಲ್ಲ, ಯಾರಿಂದ ಕಲಿತರು ಅನ್ನೋದಿಲ್ಲ. ಅದಕ್ಕೂ ಮುಂಚೆ ಹಾಡಿದ ಮ್ಯಾನೇಜರ್‌ಗೆ ಮಾತ್ರ ಎರಡು ನಿಮಿಷ ಪರಿಚಯ ಓದಿದ್ದೆ. ಕೈಯಲ್ಲಿ ಮೈಕ್ ಇತ್ತು, ಕೇಳುವವನು ಇರಲಿಲ್ಲ. ಫೋಟೋದಲ್ಲಿ ನಾನು ಬರದೇ ಇದ್ದದ್ದಕ್ಕೆ ಮುನಿಸಿಕೊಂಡಿದ್ದೆನಲ್ಲ, ಅಸಲಿಗೆ ನಾನು ಆ ವೇದಿಕೆ ಮೇಲೆ ಇದ್ದೆನೇ?

ಮಾರನೇ ದಿನ ಪ್ಯಾಂಟ್ರಿಯಲ್ಲಿ ಸಿಕ್ಕಾಗ ಕೇಳಿದೆ, ‘ಅಕ್ಕ, ನಿಮ್ಮದು ಯಾವೂರು? ಆ ಹಾಡು ಯಾರು ಕಲಿಸಿದ್ದು?’

‘ನಮ್ಮವ್ವ, ನಾಟಿ ಹಾಕೋವಾಗ ಹೇಳ್ತಿದ್ಲು ಸಾರ್. ಇನ್ನೂ ಉದ್ದ ಐತೆ, ಅವತ್ತು ಟೈಮ್ ಇಲ್ಲ ಅಂದ್ರಿ’ ಅಂದರು.

ಟೈಮ್ ಇಲ್ಲ ಅಂದವನು ನಾನೇ.

ಈ ವರ್ಷದ ಪಟ್ಟಿ ಈಗಲೇ ಬರೆದಿಟ್ಟಿದ್ದೇನೆ. ಅಕ್ಕನ ಹೆಸರು, ಊರು, ಅವರವ್ವನ ಹೆಸರು, ಎಲ್ಲ ಇದೆ. ಹಾಡು ಪೂರ್ತಿ. ಊಟ ತಣ್ಣಗಾದರೆ ಆಗಲಿ.