ಕ್ರೈಸ್ತ ಧರ್ಮದಲ್ಲಿ ದೇವರ ಆಜ್ಞಾಪಾಲನೆ

ದೇವರ ಆಜ್ಞಾಪಾಲನೆಯು ಕ್ರೈಸ್ತ ನಂಬಿಕೆಯ ಮುಖ್ಯ ತತ್ತ್ವಗಳಲ್ಲಿ ಒಂದು. ಬೈಬಲಿನಲ್ಲಿ ಹೇಳಲಾದ ದೇವರ ವಿಧಿಗಳನ್ನು, ವಿಶೇಷವಾಗಿ ದಶಾಜ್ಞೆಗಳನ್ನೂ ಯೇಸು ಕ್ರಿಸ್ತನ ಬೋಧನೆಗಳನ್ನೂ ಅರಿತು ಬಾಳಿನಲ್ಲಿ ಆಚರಿಸುವುದೇ ಆಜ್ಞಾಪಾಲನೆ. ರಕ್ಷಣೆಯು ನಂಬಿಕೆಯಿಂದ ದೊರೆಯುತ್ತದೆಯೋ, ಸತ್ಕ್ರಿಯೆಯಿಂದಲೋ ಎಂಬ ಪ್ರಶ್ನೆಯೊಡನೆ ಇದು ಹೆಣೆದುಕೊಂಡಿರುವುದರಿಂದ ಕ್ರೈಸ್ತ ಸಭೆಯ ಇತಿಹಾಸದಲ್ಲಿ ಹಲವು ವಾದಗಳಿಗೆ ಕಾರಣವಾಗಿದೆ.

ಹಳೆಯ ಒಡಂಬಡಿಕೆಯಲ್ಲಿ

ದಶಾಜ್ಞೆಗಳು ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿಯೂ ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿಯೂ ಬರುತ್ತವೆ. ಇಸ್ರಾಯೇಲ್ಯರನ್ನು ಐಗುಪ್ತದ ದಾಸತ್ವದಿಂದ ಬಿಡಿಸಿದ ಮೇಲೆ ದೇವರು ಸೀನಾಯಿ ಬೆಟ್ಟದಲ್ಲಿ ಮೋಶೆಯ ಮೂಲಕ ಇವನ್ನು ಕೊಟ್ಟನೆಂಬುದು ಬೈಬಲಿನ ನಿರೂಪಣೆ. ಇಲ್ಲಿ ಬಿಡುಗಡೆ ಮೊದಲು, ಆಜ್ಞೆ ಅನಂತರ. ಆದುದರಿಂದ ಆಜ್ಞಾಪಾಲನೆಯು ಬಿಡುಗಡೆಗೆ ತೆತ್ತ ಬೆಲೆಯಲ್ಲ, ಬಿಡುಗಡೆ ಹೊಂದಿದವರ ಕೃತಜ್ಞತೆಯ ರೂಪವೆಂದು ಅನೇಕ ವ್ಯಾಖ್ಯಾನಕಾರರು ವಿವರಿಸುತ್ತಾರೆ.

ಆಜ್ಞೆಗಳ ಎಣಿಕೆಯಲ್ಲಿ ಭೇದವಿದೆ. ಕಥೋಲಿಕರೂ ಲೂಥರನ್ನರೂ ಅನ್ಯದೇವತೆಗಳ ಮತ್ತು ವಿಗ್ರಹಗಳ ನಿಷೇಧವನ್ನು ಒಂದೇ ಆಜ್ಞೆಯೆಂದು ಎಣಿಸಿ, ಪರರದನ್ನು ಆಶಿಸಬಾರದೆಂಬ ವಿಧಿಯನ್ನು ಎರಡಾಗಿ ವಿಂಗಡಿಸುತ್ತಾರೆ. ಆರ್ಥೊಡಾಕ್ಸ್ ಹಾಗೂ ರಿಫಾರ್ಮ್ಡ್ ಪರಂಪರೆಯವರು ಮೊದಲಿನದನ್ನು ಎರಡಾಗಿ, ಕೊನೆಯದನ್ನು ಒಂದಾಗಿ ಎಣಿಸುತ್ತಾರೆ. ಹೀಗಾಗಿ ಕೊಲೆಯನ್ನು ನಿಷೇಧಿಸುವ ಆಜ್ಞೆ ಮೊದಲ ಪರಂಪರೆಯಲ್ಲಿ ಐದನೆಯದು, ಎರಡನೆಯದರಲ್ಲಿ ಆರನೆಯದು.

ಹೊಸ ಒಡಂಬಡಿಕೆಯಲ್ಲಿ

ಮತ್ತಾಯನ ಸುವಾರ್ತೆಯ 5ರಿಂದ 7ನೆಯ ಅಧ್ಯಾಯಗಳಲ್ಲಿರುವ ಪರ್ವತ ಪ್ರಸಂಗದಲ್ಲಿ, ತಾನು ಧರ್ಮಶಾಸ್ತ್ರವನ್ನು ತೆಗೆದುಹಾಕಲು ಬಂದವನಲ್ಲ, ನೆರವೇರಿಸಲು ಬಂದವನೆಂದು ಯೇಸು ತಿಳಿಸುತ್ತಾನೆ. ಕೊಲೆಯಷ್ಟೇ ಅಲ್ಲ, ಅದಕ್ಕೆ ಬೀಜವಾದ ಕೋಪವೂ ತೀರ್ಪಿಗೆ ಗುರಿಯಾಗುತ್ತದೆ. ಹೀಗೆ ಆಜ್ಞೆಯು ಹೊರಗಿನ ನಡತೆಯಿಂದ ಅಂತರಂಗಕ್ಕೆ ವಿಸ್ತರಿಸುತ್ತದೆ. ಅದೇ ಸುವಾರ್ತೆಯ 22ನೆಯ ಅಧ್ಯಾಯದಲ್ಲಿ ಸಮಸ್ತ ಧರ್ಮಶಾಸ್ತ್ರದ ಸಾರವನ್ನು ದೇವಪ್ರೀತಿ ಮತ್ತು ನೆರೆಯವರ ಪ್ರೀತಿ ಎಂಬ ಎರಡರಲ್ಲಿ ಸಂಗ್ರಹಿಸಲಾಗಿದೆ.

ಯೆಹೂದ್ಯರಲ್ಲದವರು ಕ್ರೈಸ್ತರಾದಾಗ ಸುನ್ನತಿ ಮೊದಲಾದ ವಿಧಿಗಳು ಅವರಿಗೂ ಅನ್ವಯಿಸುವುವೇ ಎಂಬ ಪ್ರಶ್ನೆ ಎದ್ದಿತು. ಅವರಿಗೆ ಸುನ್ನತಿ ಅಗತ್ಯವಿಲ್ಲವೆಂದು ಯೆರೂಸಲೇಮಿನ ಸಭೆ ನಿರ್ಣಯಿಸಿದುದನ್ನು ಅಪೊಸ್ತಲರ ಕೃತ್ಯಗಳು ಗ್ರಂಥದ 15ನೆಯ ಅಧ್ಯಾಯ ವರ್ಣಿಸುತ್ತದೆ. ಹಳೆಯ ಒಡಂಬಡಿಕೆಯ ವಿಧಿಗಳನ್ನು ನೈತಿಕ, ಆಚರಣಾತ್ಮಕ ಹಾಗೂ ನ್ಯಾಯಿಕ ಎಂದು ವಿಂಗಡಿಸಿದ 13ನೆಯ ಶತಮಾನದ ಥಾಮಸ್ ಅಕ್ವಿನಾಸ್, ನೈತಿಕ ವಿಧಿಗಳು ಸದಾ ಅನ್ವಯಿಸುವುವೆಂದು ಪ್ರತಿಪಾದಿಸಿದನು.

ನಂಬಿಕೆ ಮತ್ತು ಕ್ರಿಯೆ

ಮನುಷ್ಯನು ನೀತಿವಂತನೆನಿಸುವುದು ನಂಬಿಕೆಯಿಂದ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಹೇಳುತ್ತಾನೆ. ಕ್ರಿಯೆಯಿಲ್ಲದ ನಂಬಿಕೆ ನಿರ್ಜೀವವೆಂದು ಯಾಕೋಬನ ಪತ್ರಿಕೆ ಎಚ್ಚರಿಸುತ್ತದೆ. ಇವೆರಡನ್ನು ಹೊಂದಿಸುವ ಬಗೆಯೇ 16ನೆಯ ಶತಮಾನದ ಮತಸುಧಾರಣೆಯ ಪ್ರಮುಖ ವಿವಾದವಾಯಿತು. ನಂಬಿಕೆಯೊಂದರಿಂದಲೇ ರಕ್ಷಣೆ ಎಂದು ಬೋಧಿಸಿದ ಮಾರ್ಟಿನ್ ಲೂಥರನು ಆಜ್ಞೆಗಳನ್ನು ಕೈಬಿಡಲಿಲ್ಲ; 1529ರಲ್ಲಿ ಪ್ರಕಟಿಸಿದ ಕಿರಿಯ ಪ್ರಶ್ನೋತ್ತರ ಬೋಧೆಯನ್ನು ದಶಾಜ್ಞೆಗಳಿಂದಲೇ ಆರಂಭಿಸಿದನು. ನೀತಿವಂತರೆನಿಸಿದವರೂ ಆಜ್ಞೆಗಳಿಗೆ ಬದ್ಧರೆಂದು ಟ್ರೆಂಟ್ ಮಹಾಸಭೆ 1547ರಲ್ಲಿ ಸಾರಿತು. 1999ರಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟಗಳು ಜಂಟಿ ಘೋಷಣೆಗೆ ಸಹಿ ಹಾಕಿದವು. ರಕ್ಷಣೆ ದೇವರ ಕೃಪೆಯಿಂದಲೇ ಬರುವುದು, ಸತ್ಕ್ರಿಯೆಗಳು ಅದರ ಫಲ ಎಂಬುದು ಅದರ ತಾತ್ಪರ್ಯ.

ಆಜ್ಞೆ ಮತ್ತು ರಾಜ್ಯಾಧಿಕಾರ

ಅಧಿಕಾರಿಗಳಿಗೆ ಅಧೀನರಾಗಿರಬೇಕೆಂದು ಪೌಲನು ಬೋಧಿಸಿದರೆ, ಮನುಷ್ಯರ ಮಾತಿಗಿಂತ ದೇವರ ಮಾತಿಗೆ ವಿಧೇಯರಾಗಬೇಕೆಂದು ಪೇತ್ರನು ನ್ಯಾಯಸಭೆಯ ಮುಂದೆ ಉತ್ತರಿಸುತ್ತಾನೆ. ನಾತ್ಸಿ ಆಳ್ವಿಕೆಯಲ್ಲಿ ಈ ದ್ವಂದ್ವವು ಜೀವನ್ಮರಣದ ಪ್ರಶ್ನೆಯಾಯಿತು. ಆಸ್ಟ್ರಿಯಾದ ಕಥೋಲಿಕ ರೈತ ಫ್ರಾಂಜ್ ಯೆಗರ್‌ಸ್ಟೆಟರ್, ಪತ್ನಿಯೂ ಪುಟ್ಟ ಮಕ್ಕಳೂ ಇದ್ದಾಗ್ಯೂ, ಹಿಟ್ಲರನ ಸೇನೆಯಲ್ಲಿ ಹೋರಾಡಲು ನಿರಾಕರಿಸಿದನು. ಕುಟುಂಬದ ಹೊಣೆಯನ್ನು ನೆನೆಯುವಂತೆ ಬಿಷಪರು ಬುದ್ಧಿ ಹೇಳಿದರೂ ತನ್ನ ಮನಸ್ಸಾಕ್ಷಿಗೆ ಅಂಟಿಕೊಂಡ ಅವನ ಶಿರಚ್ಛೇದವು 1943ರ ಆಗಸ್ಟ್ 9ರಂದು ನಡೆಯಿತು. 2007ರಲ್ಲಿ ಕಥೋಲಿಕ ಸಭೆಯು ಅವನನ್ನು ಪುನೀತನೆಂದು ಘೋಷಿಸಿತು. ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ 1937ರಲ್ಲಿ ಪ್ರಕಟಿಸಿದ, ಶಿಷ್ಯತ್ವವನ್ನು ಕುರಿತ ಗ್ರಂಥದಲ್ಲಿ, ವಿಧೇಯತೆಯನ್ನು ಬೇಡದ ಕೃಪೆಯನ್ನು ಅಗ್ಗದ ಕೃಪೆಯೆಂದು ಟೀಕಿಸಿದನು. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಲಾಯಿತು.

ವಿಶ್ರಾಂತಿ ದಿನದ ಆಜ್ಞೆ

ಆಜ್ಞೆಗಳ ಅನ್ವಯದಲ್ಲಿ ಇಂದಿಗೂ ಉಳಿದಿರುವ ಭಿನ್ನತೆಗೆ ವಿಶ್ರಾಂತಿ ದಿನ ನಿದರ್ಶನ. ಬಹುಪಾಲು ಕ್ರೈಸ್ತರು ಯೇಸುವಿನ ಪುನರುತ್ಥಾನದ ನೆನಪಿಗಾಗಿ ಭಾನುವಾರವನ್ನು ಆಚರಿಸುತ್ತಾರೆ. 1863ರಲ್ಲಿ ಸಂಘಟಿತವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯು ಆಜ್ಞೆಯ ಮೂಲ ವಿಧಿಯಂತೆ ಏಳನೆಯ ದಿನವಾದ ಶನಿವಾರವನ್ನೇ ಪಾಲಿಸುತ್ತದೆ.